ವರ್ಕ್‌ಶಾಪಿಗೆ ಡಿಮ್ ಆಗುವ ಎಲ್‌ಇಡಿ ಟ್ಯೂಬ್: ಮೂರು ಬಗೆ ಹಾಕಿ ನೋಡಿದೆ

ಮರಕ್ಕೆ ಪಾಲಿಶ್ ಹಾಕುವವರಿಗೆ ಇದು ಗೊತ್ತಿರುತ್ತದೆ. ನೆತ್ತಿಯ ಮೇಲೆ ಐದು ಟ್ಯೂಬ್ ಝಗಝಗ ಉರಿಯುತ್ತಿದ್ದರೆ ಹಲಗೆ ನುಣ್ಣಗೆ ಕಾಣುತ್ತದೆ. ಮೇಲಿನ ಬೆಳಕು ತಗ್ಗಿಸಿ, ಒಂದು ಸಣ್ಣ ದೀಪವನ್ನು ಪಕ್ಕದಿಂದ ಹಲಗೆಯ ಮಟ್ಟಕ್ಕೇ ಹಿಡಿಯಿರಿ. ಸ್ಯಾಂಡ್‌ಪೇಪರ್ ಬಿಟ್ಟ ಒಂದೊಂದು ಗೀರೂ ನೆರಳು ಬಿಟ್ಟುಕೊಂಡು ಎದ್ದು ಕಾಣುತ್ತದೆ. ಬೆಳಕು ಜಾಸ್ತಿ ಇದ್ದರೆ ಎಲ್ಲ ಚೆನ್ನಾಗಿ ಕಾಣುತ್ತದೆ ಅನ್ನುವುದು ಯಾವಾಗಲೂ ನಿಜ ಅಲ್ಲ. ಬೆಸುಗೆ ಹಾಕುವಾಗಲೂ ಅಷ್ಟೇ. ಮಿಂಚುವ ಸೀಸದ ಮೇಲೆ ಟ್ಯೂಬಿನ ಬಿಂಬ ಬಿದ್ದರೆ, ಬೆಸುಗೆ ಕೂತಿದೆಯೋ ಇಲ್ಲವೋ ಹೇಳುವುದು ಕಷ್ಟ. ನನಗೆ ಡಿಮ್ಮರ್ ಬೇಕಾಗಿದ್ದು ಈ ಎರಡು ಕೆಲಸಕ್ಕೆ.

ಕೋಣೆ 4 ಮೀಟರ್ ಉದ್ದ, 3 ಮೀಟರ್ ಅಗಲ. ಒಂದು ಗೋಡೆಗೆ ಕೆಲಸದ ಮೇಜು, ಎದುರು ಮೂಲೆಯಲ್ಲಿ ಲೇತ್ ಮತ್ತು ಡ್ರಿಲ್. ಮೊದಲು ಒಟ್ಟು ಬೆಳಕಿನ ಲೆಕ್ಕ ಹಾಕಿದೆ. ಯಂತ್ರದ ಮೇಲೆ ಮರಗೆಲಸ ಮಾಡಲು 500 ಲಕ್ಸ್, ಅಂದರೆ ಚದರ ಮೀಟರಿಗೆ 500 ಲೂಮೆನ್ ಬೆಳಕು ಇರಲಿ ಅನ್ನುವುದು ರೂಢಿಯ ಮಾತು. 12 ಚದರ ಮೀಟರಿಗೆ 6000 ಲೂಮೆನ್ ಆಯಿತು. ಆದರೆ ಟ್ಯೂಬ್ ಕೊಟ್ಟಿದ್ದೆಲ್ಲ ಮೇಜಿಗೆ ಬರುವುದಿಲ್ಲ. ಗೋಡೆ, ಸೂರು, ಧೂಳು ತಮ್ಮ ಪಾಲು ನುಂಗುತ್ತವೆ. ಶೇ. 60 ತಲುಪುತ್ತದೆ ಎಂದು ಹಿಡಿದರೆ 10,000 ಲೂಮೆನ್ ಬೇಕು. 20 ವ್ಯಾಟಿನ 4 ಅಡಿ ಟ್ಯೂಬ್ ಸುಮಾರು 2000 ಲೂಮೆನ್ ಕೊಡುತ್ತದೆ. ಅಲ್ಲಿಗೆ ಐದು ಟ್ಯೂಬ್. ಈ ಲೆಕ್ಕ ಮೊದಲೇ ಮಾಡಿಕೊಳ್ಳಿ. ಪೂರ್ತಿ ಬೆಳಕೇ ಸಾಲದಿದ್ದರೆ ಡಿಮ್ಮರ್ ತಂದು ಏನು ಮಾಡುವುದು?

ಮೊದಲು ಹಾಕಿದ್ದು ಗೋಡೆಯ ಡಿಮ್ಮರಿಗೆ ಒಗ್ಗುವ ಟ್ಯೂಬ್. ಇದಕ್ಕೆ ಫೇಸ್ ಕಟ್ ಅನ್ನುತ್ತಾರೆ. ಕರೆಂಟಿನ ಪ್ರತಿ ಅಲೆಯಲ್ಲಿ ಒಂದು ತುಂಡನ್ನು ಡಿಮ್ಮರ್ ಕತ್ತರಿಸಿ ಬಿಡುತ್ತದೆ. ಎಷ್ಟು ಕತ್ತರಿಸಿದೆ ಎಂದು ಟ್ಯೂಬಿನ ಒಳಗಿನ ಡ್ರೈವರ್ (ಎಲ್‌ಇಡಿಗೆ ಕರೆಂಟ್ ಹದಮಾಡಿ ಕೊಡುವ ಸರ್ಕ್ಯೂಟ್) ಅಳೆದು, ಬೆಳಕು ಅಷ್ಟು ತಗ್ಗಿಸಬೇಕು. ದೊಡ್ಡ ಅನುಕೂಲ ಅಂದರೆ ಹೊಸ ವೈರ್ ಎಳೆಯುವ ಕೆಲಸವೇ ಇಲ್ಲ. ಹಳೆಯ ಸ್ವಿಚ್ ತೆಗೆದು ಆ ಜಾಗದಲ್ಲಿ ಡಿಮ್ಮರ್ ಕೂರಿಸಿದರೆ ಮುಗಿಯಿತು. ಆದರೆ ಎಲ್ಲ ಎಲ್‌ಇಡಿ ಟ್ಯೂಬಿಗೂ ಇದು ಆಗುವುದಿಲ್ಲ. ಡಿಮ್ ಆಗುತ್ತದೆ ಎಂದು ಡಬ್ಬದ ಮೇಲೆ ಬರೆದಿರಲೇಬೇಕು. ಮನೆಯಲ್ಲಿದ್ದ ಮಾಮೂಲಿ ಟ್ಯೂಬೊಂದನ್ನು ಇದೇ ಡಿಮ್ಮರಿಗೆ ಸಿಕ್ಕಿಸಿ ನೋಡಿದೆ. ಗುಂಯ್ ಎಂದು ಸದ್ದು ಮಾಡಿತು, ನಾಲ್ಕೇ ದಿನಕ್ಕೆ ಸತ್ತಿತು.

ಸರಿಯಾದ ಟ್ಯೂಬ್ ಹಾಕಿದ ಮೇಲೂ ಅರ್ಧ ಬೆಳಕಿನವರೆಗೆ ಮಾತ್ರ ನೆಮ್ಮದಿ. ಶೇ. 30ಕ್ಕಿಂತ ಕೆಳಗೆ ಹೋದರೆ ಬೆಳಕು ನಡುಗುತ್ತಿತ್ತು. ಡಿಮ್ ಇಟ್ಟು ಸ್ವಿಚ್ ಹಾಕಿದರೆ ನಾಲ್ಕು ಹತ್ತಿ ಐದನೆಯದು ಒಂದು ಕ್ಷಣ ತಡವಾಗಿ ಹತ್ತುತ್ತಿತ್ತು. ಡ್ರಿಲ್ ಶುರುವಾದಾಗ ಎಲ್ಲವೂ ಒಮ್ಮೆ ಕುಗ್ಗಿ ಏಳುತ್ತಿದ್ದವು. ಅಲೆಯ ಮೊದಲ ಭಾಗ ಕತ್ತರಿಸುವ ಲೀಡಿಂಗ್ ಎಡ್ಜ್ ಡಿಮ್ಮರ್ ತೆಗೆದು, ಕೊನೆಯ ಭಾಗ ಕತ್ತರಿಸುವ ಟ್ರೇಲಿಂಗ್ ಎಡ್ಜ್ ಹಾಕಿದಾಗ ಸದ್ದು ಹೋಯಿತು, ನಡುಕವೂ ಎಷ್ಟೋ ಕಡಿಮೆಯಾಯಿತು. ಎಲ್‌ಇಡಿಗೆ ಎರಡನೆಯದೇ ಒಳ್ಳೆಯದು. ಡಿಮ್ಮರ್ ಮೇಲೆ 400 ವ್ಯಾಟ್ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಹಳೆಯ ಬುರುಡೆ ಬಲ್ಬಿನ ಲೆಕ್ಕ. ಎಲ್‌ಇಡಿಗೆ ಎಷ್ಟು, ಕನಿಷ್ಠ ಎಷ್ಟು ಲೋಡ್ ಬೇಕು ಅನ್ನುವುದನ್ನು ಬೇರೆಯಾಗಿ ನೋಡಿ.

ನಾನು ಈ ದಾರಿ ಬಿಟ್ಟಿದ್ದು ಬೇರೆಯದೇ ಕಾರಣಕ್ಕೆ. ಒಂದು ಸಂಜೆ ಬೆಳಕು ತಗ್ಗಿಸಿಟ್ಟು ಲೇತ್ ಓಡಿಸುತ್ತಿದ್ದೆ. ಸ್ಪೀಡ್ ನಿಧಾನಕ್ಕೆ ಏರಿಸುತ್ತಾ ನಿಮಿಷಕ್ಕೆ 2000 ಸುತ್ತಿನ ಹತ್ತಿರ ಬಂದಾಗ ತುಂಡನ್ನು ಹಿಡಿದು ತಿರುಗಿಸುವ ಚಕ್ಕಿನ ಮೂರು ದವಡೆಗಳು ನಿಂತುಬಿಟ್ಟ ಹಾಗೆ ಕಂಡವು. ಮಸುಕಾಗಿ, ಮೆಲ್ಲಗೆ ಹಿಂದಕ್ಕೆ ತೇಲುವ ಹಾಗೆ. ಮೋಟಾರಿನ ಸದ್ದು ಕಿವಿಗೆ ಬೀಳುತ್ತಿತ್ತು, ಆದರೂ ಕಣ್ಣು ಮಾತ್ರ ನಿಂತಿದೆ ಎನ್ನುತ್ತಿತ್ತು. ಕೈ ತಣ್ಣಗಾಯಿತು.

ಲೆಕ್ಕ ಸರಳ. 50 ಹರ್ಟ್ಸ್ ಕರೆಂಟಿನಲ್ಲಿ ದೀಪ ಮಿನುಗಿದರೆ ಸೆಕೆಂಡಿಗೆ 100 ಸಲ ಮಿನುಗುತ್ತದೆ. 2000 ಸುತ್ತು ಅಂದರೆ ಸೆಕೆಂಡಿಗೆ ಸುಮಾರು 33. ಒಂದು ಸುತ್ತಿಗೆ ಮೂರು ಮಿನುಗು. ಪ್ರತಿ ಮಿನುಗಿಗೂ ಒಂದು ದವಡೆಯ ಜಾಗಕ್ಕೆ ಸರಿಯಾಗಿ ಇನ್ನೊಂದು ಬಂದು ನಿಲ್ಲುತ್ತದೆ. ನಾಲ್ಕು ದವಡೆಯ ಚಕ್ಕಾದರೆ ಇದೇ ಮೋಸ 1500ರಲ್ಲಿ. 60 ಹರ್ಟ್ಸ್ ಕರೆಂಟಿದ್ದರೆ ಮಿನುಗು 120, ಮೂರು ದವಡೆಗೆ 2400. ಪೂರ್ತಿ ಬೆಳಕಿನಲ್ಲಿ ನನಗೆ ಇದು ಕಂಡಿರಲೇ ಇಲ್ಲ. ಡಿಮ್ ಮಾಡಿದಾಗಲೇ ಹೊರಬಿತ್ತು. ಹಾಗಾಗಿ ವರ್ಕ್‌ಶಾಪಿನ ಡಿಮ್ಮರನ್ನು ಎಷ್ಟು ಕೆಳಗಿಳಿಯುತ್ತದೆ ಎಂದು ಅಳೆದರೆ ಸಾಲದು. ಇಳಿದಾಗ ಬೆಳಕು ಅಲ್ಲಾಡದೆ ನಿಲ್ಲುತ್ತದೆಯಾ ಅನ್ನುವುದು ಮುಖ್ಯ.

ಅಂದಿನಿಂದ ಯಾವ ದೀಪ ತಂದರೂ ಪೆನ್ಸಿಲ್ ಪರೀಕ್ಷೆ ಮಾಡುತ್ತೇನೆ. ಬೆಳಕು ತಗ್ಗಿಸಿ, ಅದರ ಕೆಳಗೆ ಪೆನ್ಸಿಲನ್ನು ಬೀಸಣಿಗೆಯ ಹಾಗೆ ಜೋರಾಗಿ ಆಡಿಸಿ. ಒಂದೇ ಮಬ್ಬು ಪಟ್ಟಿ ಕಂಡರೆ ಸರಿ. ಬಿಡಿಬಿಡಿಯಾಗಿ ಐದಾರು ಪೆನ್ಸಿಲ್ ಕಂಡರೆ ಅದು ಮಿನುಗುವ ದೀಪ. ಫೋನಿನ ಸ್ಲೋ ಮೋಷನ್ ವಿಡಿಯೋದಲ್ಲಿ ಇನ್ನೂ ಸ್ಪಷ್ಟ, ಕಪ್ಪು ಪಟ್ಟೆಗಳು ಹರಿಯುತ್ತವೆ.

ಎರಡನೆಯದು ಅಲ್ಯೂಮಿನಿಯಂ ಚಾನೆಲ್ ಒಳಗೆ 24 ವೋಲ್ಟಿನ ಎಲ್‌ಇಡಿ ಪಟ್ಟಿ. ಮೇಲೆ ಹಾಲುಬಣ್ಣದ ಮುಚ್ಚಳ ಹಾಕಿದರೆ ನೋಡಲು ಟ್ಯೂಬಿನ ಹಾಗೇ. ಇದು ಡಿಮ್ ಆಗುವ ಚೆಂದವೇ ಬೇರೆ, ಶೇ. 1ರವರೆಗೆ ಎಲ್ಲೂ ತಡವರಿಸದೆ ಇಳಿಯುತ್ತದೆ. ಆದರೆ ಇಲ್ಲಿ ಎಲ್‌ಇಡಿ ಹತ್ತಿದ ಕ್ಷಣದಲ್ಲಿ ಪೂರ್ತಿಯೇ ಉರಿಯುತ್ತದೆ. ಎಲ್‌ಇಡಿಯನ್ನು ಬೇಗಬೇಗ ಆರಿಸಿ ಹತ್ತಿಸುವುದು, ಅಷ್ಟೇ. ಅದೇ ಪಿಡಬ್ಲ್ಯೂಎಂ. ನಾನು ಮೊದಲು ತಂದ ಡಿಮ್ಮರ್ ಇದನ್ನು ಸೆಕೆಂಡಿಗೆ ಕೆಲವೇ ನೂರು ಸಲ ಮಾಡುತ್ತಿತ್ತು. ಪೆನ್ಸಿಲ್ ಆಡಿಸಿದರೆ ಬೆರಳೆಣಿಕೆಗೆ ಸಿಗುವಷ್ಟು ಬಿಡಿಬಿಡಿಯಾಗಿ ಕಂಡಿತು. ಮಿನುಗಿನ ಬಗ್ಗೆ ಎಂಜಿನಿಯರುಗಳ ಸಂಸ್ಥೆ ಐಇಇಇಯ 1789 ಎಂಬ 2015ರ ಶಿಫಾರಸು ಇದೆ. 3000 ಹರ್ಟ್ಸ್ ದಾಟಿದರೆ ಚಿಂತೆ ಇಲ್ಲ ಅನ್ನುವುದು ಅದರ ಲೆಕ್ಕ. ಅದಕ್ಕಿಂತ ಮೇಲಿನ ಡಿಮ್ಮರ್ ಹಾಕಿದ ಮೇಲೆ ಪೆನ್ಸಿಲ್ ಒಂದೇ ಮಬ್ಬಾಯಿತು.

ಪಟ್ಟಿಯ ಇನ್ನೊಂದು ತಲೆನೋವು ವೋಲ್ಟೇಜ್ ಇಳಿತ. ಮೀಟರಿಗೆ 14.4 ವ್ಯಾಟಿನ 5 ಮೀಟರ್ ಪಟ್ಟಿ ಅಂದರೆ 72 ವ್ಯಾಟ್, 24 ವೋಲ್ಟಿನಲ್ಲಿ 3 ಆಂಪಿಯರ್. ಒಂದೇ ತುದಿಯಿಂದ ಕೊಟ್ಟಾಗ ಆ ಕಡೆಯ ತುದಿ ಮಂಕಾಯಿತು. ಎರಡೂ ಕಡೆಯಿಂದ ಕೊಟ್ಟ ಮೇಲೆ ಸರಿಹೋಯಿತು. 12 ವೋಲ್ಟಿನದಾದರೆ ಆಂಪಿಯರ್ ದುಪ್ಪಟ್ಟು, ತೊಂದರೆ ಇನ್ನೂ ಜಾಸ್ತಿ. ಪಟ್ಟಿಯನ್ನು ಸುಮ್ನೆ ಮರಕ್ಕೆ ಅಂಟಿಸಬೇಡಿ, ಬಿಸಿ ಎಳೆದುಕೊಳ್ಳಲು ಅಲ್ಯೂಮಿನಿಯಂ ಬೇಕೇ ಬೇಕು. ಇಡೀ ಕೋಣೆಗೆ ಇದು ನನಗೆ ಒಗ್ಗಲಿಲ್ಲ. ಕಪಾಟಿನ ಕೆಳಗೆ, ಮೇಜಿಗೆ ಹತ್ತಿರ ಕೂರಿಸಲು ಇದಕ್ಕಿಂತ ಒಳ್ಳೆಯದು ಸಿಗಲಿಲ್ಲ.

ಮೂರನೆಯದು 0–10 ವೋಲ್ಟ್ ಡ್ರೈವರ್. ನನ್ನ ಮನಸ್ಸು ಗೆದ್ದಿದ್ದು ಇದು. ಇಲ್ಲಿ ಟ್ಯೂಬಿನ ಒಳಗೆ ಡ್ರೈವರ್ ಇರುವುದಿಲ್ಲ. ಹೊರಗೆ ಒಂದು ಡ್ರೈವರ್ ಇರುತ್ತದೆ, ಅದು ಟ್ಯೂಬುಗಳಿಗೆ ಅಳೆದು ಕರೆಂಟ್ ಕೊಡುತ್ತದೆ. ಎಷ್ಟು ಕೊಡಬೇಕು ಅನ್ನುವುದನ್ನು ಎರಡು ತೆಳು ಕಂಟ್ರೋಲ್ ವೈರ್ ಹೇಳುತ್ತವೆ. 10 ವೋಲ್ಟ್ ಇದ್ದರೆ ಪೂರ್ತಿ, 1 ವೋಲ್ಟಿಗೆ ಅತಿ ಕಡಿಮೆ. ಒಳ್ಳೆಯ ಡ್ರೈವರ್ ಕರೆಂಟನ್ನೇ ಕಡಿಮೆ ಮಾಡುತ್ತದೆ, ಆರಿಸಿ ಹತ್ತಿಸುವ ಆಟ ಇಲ್ಲ. ಕೊಳ್ಳುವ ಮುಂಚೆ ವಿವರ ಓದಿ, ಕೆಲವು 0–10 ಡ್ರೈವರುಗಳೂ ಒಳಗೆ ಪಿಡಬ್ಲ್ಯೂಎಂ ಮಾಡುತ್ತವೆ. ನನ್ನದರಲ್ಲಿ ಪೆನ್ಸಿಲ್ ಒಂದೇ ಮಬ್ಬು, ಫೋನಿನಲ್ಲಿ ಪಟ್ಟೆ ಇಲ್ಲ. ಲೇತನ್ನು ಕೆಳಗಿನಿಂದ ಮೇಲಿನ ಸ್ಪೀಡಿನವರೆಗೆ ಏರಿಸಿ ಇಳಿಸಿದೆ. ಚಕ್ ಎಲ್ಲೂ ನಿಲ್ಲಲಿಲ್ಲ.

ಕಷ್ಟವೂ ಇದೆ. ಎರಡು ವೈರ್ ಹೆಚ್ಚಿಗೆ ಎಳೆಯಬೇಕು. ನಾಬ್ ಪೂರ್ತಿ ತಿರುಗಿಸಿದರೂ ಅನೇಕ ಡ್ರೈವರುಗಳು ಆರುವುದಿಲ್ಲ, ಬೇರೆ ಸ್ವಿಚ್ ಇಡಲೇಬೇಕು. ಎಲ್ಲ ಡ್ರೈವರೂ ಒಂದೇ ಮಾದರಿಯದಿರಲಿ. ನಾನು ಒಂದನ್ನು ಬೇರೆ ತಂದೆ, 3 ವೋಲ್ಟಿನಲ್ಲಿ ಎರಡು ಸಾಲು ಎರಡು ಥರ ಬೆಳಗಿದವು. ಇನ್ನೊಂದು ಮಾತು. ಶೇ. 10 ಅಂದರೆ ಕತ್ತಲೆ ಎಂದುಕೊಂಡಿದ್ದೆ. ನಮ್ಮ ಕಣ್ಣಿಗೆ ಅದು ಸುಮಾರು ಶೇ. 32ರಷ್ಟು ಕಾಣುತ್ತದೆ. ನಿಜಕ್ಕೂ ಮಂದ ಬೆಳಕು ಬೇಕಿದ್ದರೆ ಶೇ. 1ಕ್ಕೆ ಇಳಿಯುವ ಡ್ರೈವರ್ ಹುಡುಕಿ. ಡಾಲಿ ಎಂಬ ಡಿಜಿಟಲ್ ವ್ಯವಸ್ಥೆಯೂ ಇದೆ, ಒಂದು ಸಾಲಿನಲ್ಲಿ 64 ಡ್ರೈವರಿಗೆ ಬೇರೆಬೇರೆ ವಿಳಾಸ ಕೊಡಬಹುದು. ಒಂದೇ ಕೋಣೆಗೆ ಅಷ್ಟೆಲ್ಲ ಬೇಡ ಎಂದು ಅದರ ತಂಟೆಗೆ ಹೋಗಲಿಲ್ಲ.

ಹಳೆಯ ಟ್ಯೂಬ್‌ಲೈಟಿನ ಪಟ್ಟಿಯಲ್ಲೇ ಎಲ್‌ಇಡಿ ಟ್ಯೂಬ್ ಕೂರಿಸುವವರು ಮೇನ್ ಆರಿಸಿಯೇ ಕೈ ಹಾಕಿ. ಎರಡು ತುದಿಗೂ ಕರೆಂಟ್ ಹೋಗುವ ಬಗೆಯ ಟ್ಯೂಬಿನಲ್ಲಿ ಒಂದು ತುದಿ ಹೋಲ್ಡರಿನಲ್ಲಿದ್ದಾಗ ಇನ್ನೊಂದು ತುದಿಯ ಪಿನ್ನಿಗೂ ಕರೆಂಟ್ ಬರುವ ಅಪಾಯವಿದೆ. ಚೋಕ್ ತೆಗೆದಿದ್ದರೆ ಪಟ್ಟಿಯ ಮೇಲೆ ಹಾಗೆಂದು ಬರೆದು ಅಂಟಿಸಿ. ನಾಳೆ ಇನ್ಯಾರೋ ಹಳೆಯ ಟ್ಯೂಬ್ ಸಿಕ್ಕಿಸಬಾರದು ಅಲ್ವಾ.

ಬಣ್ಣದ ಬಗ್ಗೆ ಬೇಗ ಹೇಳಿಬಿಡುತ್ತೇನೆ. 6500 ಕೆಲ್ವಿನ್, ಅಂದರೆ ನೀಲಿ ಛಾಯೆಯ ಬಿಳಿ ಬೆಳಕು ಪೂರ್ತಿ ಇದ್ದಾಗ ಚೆನ್ನ, ಡಿಮ್ ಆದರೆ ಬೂದಿ ಬಳಿದ ಹಾಗೆ ಆಗುತ್ತದೆ. 4000 ಎರಡಕ್ಕೂ ಸರಿ. ಮರದ ಕೆಂಪು ಛಾಯೆ ಸರಿಯಾಗಿ ಕಾಣಬೇಕಿದ್ದರೆ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಳತೆ) 90 ಇರುವುದನ್ನೇ ತನ್ನಿ.

ಈಗ ಮೇಜಿನ ಮೇಲೆ 0–10 ಡ್ರೈವರಿನ ಮೂರು ಟ್ಯೂಬ್ ಇವೆ. ಕಪಾಟಿನ ಕೆಳಗೆ 24 ವೋಲ್ಟಿನ ಪಟ್ಟಿ. ಲೇತ್ ಮತ್ತು ಡ್ರಿಲ್ ಮೇಲೆ ಡಿಮ್ಮೇ ಆಗದ ಎರಡು ಟ್ಯೂಬ್, ಪೆನ್ಸಿಲ್ ಪರೀಕ್ಷೆಯಲ್ಲಿ ಗೆದ್ದವನ್ನೇ ಆರಿಸಿ ಹಾಕಿದ್ದು. ಯಂತ್ರ ತಿರುಗುವ ಕಡೆ ಬೆಳಕು ತಗ್ಗಿಸುವ ಅಗತ್ಯ ಒಂದು ದಿನವೂ ಬಂದಿಲ್ಲ. ದೀಪದ ಲೈನೂ ಯಂತ್ರದ ಲೈನೂ ಬೇರೆಬೇರೆ ಬ್ರೇಕರಿನಲ್ಲಿವೆ. ಯಂತ್ರ ಟ್ರಿಪ್ ಆದರೂ, ಅದು ಇನ್ನೂ ತಿರುಗುತ್ತಿರುವಾಗ ಕೋಣೆ ಕತ್ತಲಾಗುವುದಿಲ್ಲ. ಡಿಮ್ಮರಿನ ನಾಬ್ ಸುತ್ತ ಬಿಳಿ ಬಣ್ಣದಲ್ಲಿ ಎರಡು ಚುಕ್ಕೆ ಇಟ್ಟಿದ್ದೇನೆ. ಮೇಲಿನದು ಬೆಸುಗೆಗೆ, ಕೆಳಗಿನದು ಪಾಲಿಶಿಗೆ.