ಅಜ್ಜಿ-ತಾತ ಬಂದಾಗ ಮಗುವಿನ ವಿಷಯದಲ್ಲಿ ಯಾರ ಮಾತು ನಡೆಯಬೇಕು: ತುಮಕೂರಿನ ಒಂದು ಶಿಶುಪಾಲನಾ ಸೇವೆಯ ವಿಮರ್ಶೆ

ಹೆರಿಗೆ ರಜೆಯನ್ನು 2017ರ ತಿದ್ದುಪಡಿಯು 26 ವಾರಗಳಿಗೆ ಏರಿಸಿದ ಮೇಲೂ, ರಜೆ ಮುಗಿದು ತಾಯಿ ಕೆಲಸಕ್ಕೆ ಮರಳುವ ಕಾಲವೂ ಮಗುವಿಗೆ ಎದೆಹಾಲಿನ ಜೊತೆ ಮೇಲಾಹಾರ ಶುರುವಾಗುವ ಕಾಲವೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಏನು ತಿನ್ನಿಸಬೇಕು, ಏನು ತಿನ್ನಿಸಬಾರದು ಎಂಬ ಚರ್ಚೆ ಮನೆಯಲ್ಲಿ ಕಾವೇರುವ ಹೊತ್ತಿಗೇ ತಾಯಿ ಮನೆಯಲ್ಲಿರುವುದಿಲ್ಲ. ತುಮಕೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗುವ ನಮ್ಮಂಥವರು, ಮಧ್ಯಾಹ್ನ ಮನೆಯಲ್ಲಿ ಏನಾದರೂ ಎಡವಟ್ಟಾದರೆ ಸುಮಾರು 70 ಕಿ.ಮೀ. ದೂರದಿಂದ ಓಡಿ ಬರುವಂತೆಯೂ ಇಲ್ಲ. ಆ ಕಾರಣಕ್ಕೆ ನಗರದ ಒಂದು ಏಜೆನ್ಸಿಯ ಮೂಲಕ ಮಗುವನ್ನು ನೋಡಿಕೊಳ್ಳುವವರನ್ನು ಗೊತ್ತುಮಾಡಿಕೊಂಡೆವು.

ಕೆಲಸದವರನ್ನು ಕಳುಹಿಸುವ ಮುನ್ನ ಏಜೆನ್ಸಿಯ ಮೇಲ್ವಿಚಾರಕಿ ಮನೆಗೆ ಬಂದು ಕೇಳಿದ ಪ್ರಶ್ನೆಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು. ಊರಿನಿಂದ ಹಿರಿಯರು ಬಂದು ಉಳಿಯುವುದುಂಟೇ, ಅವರಿದ್ದಾಗ ಮಗುವಿನ ವಿಷಯದಲ್ಲಿ ಕೊನೆಯ ಮಾತು ಯಾರದು ಎಂದು ಅವರು ನೇರವಾಗಿ ಕೇಳಿದರು. ಉತ್ತರವನ್ನು ಕರಾರಿನಲ್ಲೇ ಬರೆಸಿಕೊಂಡರು: ಆಹಾರ, ಔಷಧ ಮತ್ತು ನಿದ್ದೆಯ ವಿಷಯದಲ್ಲಿ ತಾಯಿ ಅಥವಾ ತಂದೆಯ ಸೂಚನೆಯೇ ಅಂತಿಮ, ಬೇರೆ ಯಾರಾದರೂ ಅದಕ್ಕೆ ವಿರುದ್ಧವಾಗಿ ಹೇಳಿದರೆ ನೋಡಿಕೊಳ್ಳುವಾಕೆ ವಾದಿಸುವಂತಿಲ್ಲ, ಪಾಲಿಸುವಂತೆಯೂ ಇಲ್ಲ, ಫೋನ್ ಮಾಡಬೇಕು. ಈ ವ್ಯವಸ್ಥೆಯನ್ನು ಹಿರಿಯರಿಗೆ ತಿಳಿಸುವ ಕೆಲಸ ನಮ್ಮದು, ಆಕೆಯದಲ್ಲ ಎಂಬುದನ್ನೂ ಅದರಲ್ಲಿ ಸೇರಿಸಿದ್ದರು. ಸಂಬಳಕ್ಕೆ ಬಂದ ಹೆಣ್ಣುಮಗಳ ಬಾಯಿಂದ ಅತ್ತೆಗೆ ಬುದ್ಧಿ ಹೇಳಿಸಿದರೆ ಯಾವ ಮನೆಯಲ್ಲಿ ತಾನೇ ಶಾಂತಿ ಉಳಿದೀತು?

ತಿಪಟೂರಿನಿಂದ ನಮ್ಮ ಅತ್ತೆ-ಮಾವ ಬಂದಾಗ ಈ ಕರಾರಿಗೆ ನಿಜವಾದ ಪರೀಕ್ಷೆ ಎದುರಾಯಿತು. ಮಗು ಅಳುತ್ತಿದ್ದುದನ್ನು ಕಂಡ ಅತ್ತೆ ಸಾಣೆಕಲ್ಲಿನ ಮೇಲೆ ಬಜೆ ತೇದು, ಜೇನುತುಪ್ಪದಲ್ಲಿ ಕಲಸಿ, ಒಳಲೆಗೆ ಹಾಕಿಕೊಂಡು ಬಂದಿದ್ದರು. ನೋಡಿಕೊಳ್ಳುವಾಕೆ ಮಗುವನ್ನು ಹೆಗಲಿಗೆ ಹಾಕಿಕೊಂಡು, "ಅಕ್ಕನಿಗೆ ಒಂದು ಫೋನ್ ಮಾಡ್ತೀನಿ ಅಮ್ಮಾವ್ರೆ, ಅವರು ಹೂಂ ಅಂದ್ರೆ ನಾನೇ ಕುಡಿಸ್ತೀನಿ" ಎಂದರಂತೆ. "ಮೂರು ಮಕ್ಕಳನ್ನ ಸಾಕಿದೀನಿ ಕಣಮ್ಮ, ನಿನ್ನ ಕೇಳಿ ಕೊಡಬೇಕಾ?" ಎಂಬ ಮಾತು ನನಗೂ ಫೋನಿನಲ್ಲಿ ಕೇಳಿಸಿತು. ಒಂದು ವರ್ಷ ತುಂಬುವವರೆಗೆ ಜೇನುತುಪ್ಪವನ್ನು ನಾಲಿಗೆಗೂ ಸೋಕಿಸಬಾರದು. ಅದರಲ್ಲಿ ಇರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲವು. ಇದನ್ನು ಅತ್ತೆಗೆ ನಾನೇ ವಿವರಿಸಿದೆ, ಸಂಜೆ ನನ್ನ ಗಂಡ ಮತ್ತೊಮ್ಮೆ ವಿವರಿಸಿದರು. ಮಗ ಹೇಳಿದಾಗ ಮಾತು ಹೆಚ್ಚು ಬೇಗ ಒಪ್ಪಿಗೆಯಾಯಿತು ಎಂಬುದನ್ನು ಸೊಸೆಯಂದಿರಿಗೆ ಬಿಡಿಸಿ ಹೇಳಬೇಕಿಲ್ಲ.

ಮರುದಿನ ಮೇಲ್ವಿಚಾರಕಿ ಕೊಟ್ಟ ಸಲಹೆಯೇ ಈ ಸೇವೆಯಲ್ಲಿ ನನಗೆ ಅತಿ ಹೆಚ್ಚು ಬೆಲೆಯುಳ್ಳದ್ದೆನಿಸಿತು. ಅಜ್ಜಿ ಮಾಡಬಾರದ್ದನ್ನು ಮಾತ್ರ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದರೆ ಅವರು ಸ್ವಂತ ಮಗನ ಮನೆಯಲ್ಲೇ ಪರಕೀಯರಾಗುತ್ತಾರೆ. ಅವರಿಗೇ ಮೀಸಲಾದ ಕೆಲಸಗಳನ್ನೂ ಬರೆಯಿರಿ, ಆ ಹೊತ್ತಿನಲ್ಲಿ ನಮ್ಮ ಹುಡುಗಿ ಪಕ್ಕಕ್ಕೆ ಸರಿದು ನಿಲ್ಲುತ್ತಾಳೆ ಎಂದರು. ಹಾಗೆ ಬೆಳಗಿನ ಎಣ್ಣೆ-ನೀರು ಅತ್ತೆಯ ಪಾಲಾಯಿತು. ಮಗುವನ್ನು ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು, ಕಣ್ಣಿಗೆ ನೀರು ಇಳಿಯದಂತೆ ಹಣೆಗೆ ಅಂಗೈ ಅಡ್ಡ ಹಿಡಿದು ಅವರು ನೀರು ಹಾಕುವ ಕೈಚಳಕ ನಮಗಿಬ್ಬರಿಗೂ ಇಲ್ಲ. ಕಿವಿಗೆ, ಮೂಗಿಗೆ ಎಣ್ಣೆ ಬಿಡುವುದಿಲ್ಲ ಎಂಬ ಒಂದೇ ಷರತ್ತಿಗೆ ಅವರೂ ಒಪ್ಪಿದರು. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ನೆರಳಿನಲ್ಲಿ ಒಣಗಿಸಿ, ಹುರಿದು ಬೀಸಿ, ವಸ್ತ್ರಗಾಳಿತ ಮಾಡಿ ಸರಿ ಹಿಟ್ಟು ಮಾಡುವ ಕೆಲಸವನ್ನೂ ಅವರೇ ವಹಿಸಿಕೊಂಡರು. ಉಪ್ಪು, ಬೆಲ್ಲ ಹಾಕದ ಸರಿಯನ್ನು ಯಾವ ಮಗು ತಿಂದೀತು ಎಂಬ ಆಕ್ಷೇಪ ಮಾತ್ರ ಇಂದಿಗೂ ಜಾರಿಯಲ್ಲಿದೆ. ಊಟದ ಹೊತ್ತಿಗೆ ಮೊಬೈಲ್ ತೋರಿಸುವ ಮಾವನವರ ಅಭ್ಯಾಸಕ್ಕೆ, ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ ಎನ್ನುವ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಗಿಂತ, ಸಂಜೆ ಮಗುವನ್ನು ಅಮಾನಿಕೆರೆ ಕಡೆಗೆ ಸುತ್ತಾಡಿಸುವ ಅಧಿಕಾರ ಸಿಕ್ಕಿದ್ದೇ ಹೆಚ್ಚು ಪರಿಣಾಮ ಬೀರಿತು.

ಕೊರತೆಗಳು ಸಣ್ಣವೇನಲ್ಲ. ಕರಾರು ಮಗುವಿನ ಬಗ್ಗೆ ಇಷ್ಟೊಂದು ಬಿಗಿಯಾಗಿದ್ದರೂ ನೋಡಿಕೊಳ್ಳುವಾಕೆಯ ಬಗ್ಗೆ ಸಡಿಲವಾಗಿದೆ. ಮನೆಯಲ್ಲಿ ಜನ ಹೆಚ್ಚಾದಂತೆ ಕಾಫಿ ಕಾಯಿಸುವುದು, ಪಾತ್ರೆ ತೊಳೆಯುವುದು, ಮಧ್ಯಾಹ್ನದ ಮುದ್ದೆ ತೊಳಸುವುದು ಮೆಲ್ಲನೆ ಆಕೆಯ ತಲೆಗೆ ಬರುತ್ತವೆ. ಇವು ತನ್ನ ಕೆಲಸವಲ್ಲ ಎಂದು ತೋರಿಸಲು ಆಕೆಯ ಬಳಿ ಒಂದು ಸಾಲಿನ ಬರಹವೂ ಇಲ್ಲ. ಅದಕ್ಕಿಂತ ಗಂಭೀರವಾದುದು ಊಟದ ತಟ್ಟೆ ಮತ್ತು ಲೋಟದ ಪ್ರಶ್ನೆ. ಹಳೆಯ ರೂಢಿಯ ಹಿರಿಯರಿರುವ ಮನೆಗಳಲ್ಲಿ ಕೆಲಸದವರಿಗೆ ಬೇರೆ ಲೋಟ ಇಡುವುದು ನಮ್ಮ ಜಿಲ್ಲೆಯಲ್ಲಿ ಇನ್ನೂ ನಿಂತಿಲ್ಲ ಎಂಬುದು ಏಜೆನ್ಸಿಗೆ ತಿಳಿಯದ ಸಂಗತಿಯಲ್ಲ. ಹಾಗಿದ್ದೂ ಈ ಬಗ್ಗೆ ಮೌನವಾಗಿರುವುದನ್ನು ನಾನು ಅಜಾಗರೂಕತೆ ಎನ್ನಲಾರೆ, ಗಿರಾಕಿ ಕೈತಪ್ಪೀತು ಎಂಬ ಲೆಕ್ಕಾಚಾರ ಎನ್ನುತ್ತೇನೆ. ಮಗುವನ್ನು ಎತ್ತಿಕೊಳ್ಳಬಹುದಾದ ಕೈ ಅದೇ ಮನೆಯ ಲೋಟವನ್ನು ಮುಟ್ಟಬಾರದೆಂದರೆ, ಆ ಕೈಗೆ ನಾವು ಕರಾರಿನಲ್ಲಿ ಕೊಟ್ಟ ಅಧಿಕಾರವನ್ನು ಹಿರಿಯರು ಏಕೆ ಮನ್ನಿಸಿಯಾರು?

ಬದಲಿಯವರ ವ್ಯವಸ್ಥೆಯೂ ಕಳಪೆಯೇ. ಯುಗಾದಿಗೆ ಆಕೆ ರಜೆ ಹೋದಾಗ ಬಂದವರಿಗೆ ನಮ್ಮ ಮನೆಯ ಸೂಚನೆಗಳ ಪ್ರತಿಯನ್ನೇ ಕೊಟ್ಟಿರಲಿಲ್ಲ. ಅತ್ತೆ ಹೇಳಿದ್ದೇ ಅವರಿಗೆ ಶಾಸನವಾಯಿತು.

ನೇರವಾಗಿ ಪರಿಚಯದವರನ್ನು ಇಟ್ಟುಕೊಂಡರೆ ಆಗುವುದಕ್ಕಿಂತ ಇಲ್ಲಿ ಖರ್ಚು ಹೆಚ್ಚು. ಹಿರಿಯರು ಖಾಯಂ ಜೊತೆಯಲ್ಲೇ ಇರುವ ಮನೆಗೆ ಆ ಹೆಚ್ಚುವರಿ ಹಣ ದಂಡವೆನಿಸಬಹುದು, ಏಕೆಂದರೆ ಅಲ್ಲಿ ಹೊಂದಾಣಿಕೆ ದಿನನಿತ್ಯದ ಒಡನಾಟದಲ್ಲೇ ಕುದುರುತ್ತದೆ. ಸುಗ್ಗಿ ಮುಗಿಸಿಯೋ ಹಬ್ಬಕ್ಕೆಂದೋ ಬಂದು ಕೆಲವು ವಾರ ಇದ್ದು ಹೋಗುವ ಅಜ್ಜಿ-ತಾತ ಇರುವ ಮನೆಗೆ ಆ ಮೇಲ್ವಿಚಾರಕಿಯ ಸಲಹೆಯೊಂದರಿಂದಲೇ ಕೊಟ್ಟ ಹಣ ಸಾರ್ಥಕವಾಗುತ್ತದೆ. ಕರಾರು ನವೀಕರಿಸುವಾಗ ಅಡುಗೆಮನೆಯ ಕೆಲಸ ಮತ್ತು ತಟ್ಟೆ-ಲೋಟದ ಬಗ್ಗೆ ಎರಡು ಕಲಮುಗಳನ್ನು ಸೇರಿಸುವಂತೆ ಕೇಳಿದೆ. ಮೊದಲನೆಯದಕ್ಕೆ ಏಜೆನ್ಸಿಯವರು ಒಪ್ಪಿದರು. ಎರಡನೆಯದನ್ನು "ಅದೆಲ್ಲ ಮನೆಯವರಿಗೆ ಬಿಟ್ಟಿದ್ದು ಮೇಡಂ" ಎಂದು ತಳ್ಳಿಹಾಕಿದ್ದರಿಂದ, ಅದನ್ನು ನಮ್ಮ ಪ್ರತಿಯಲ್ಲಿ ಕೈಬರಹದಲ್ಲೇ ಸೇರಿಸಿ, ನೋಡಿಕೊಳ್ಳುವಾಕೆಯ ಸಹಿಯ ಪಕ್ಕದಲ್ಲಿ ನಾವಿಬ್ಬರೂ ಸಹಿ ಮಾಡಿದ್ದೇವೆ.