ಅನ್ನಾ, ಡಾರ್ಸೆಟ್, ಹರಿಮನ್-99: ನಮ್ಮ ಧಾರವಾಡದ ಹಿತ್ತಲಕ್ಕ ಯಾವ ಸೇಬು ಛಲೋ?

2019ರ ಜನವರಿಯೊಳಗ ನಮ್ಮ ಹಿತ್ತಲದಾಗ ಮೂರು ಸೇಬಿನ ಗಿಡ ಹಚ್ಚಿದೆ, ಅನ್ನಾ ಒಂದು, ಡಾರ್ಸೆಟ್ ಗೋಲ್ಡನ್ ಒಂದು, ಹರಿಮನ್-99 ಒಂದು. ಅದೇ ಪಾರ್ಸಲ್‌ನಾಗ ಬಂದಿದ್ದ ಇನ್ನೊಂದು ಅನ್ನಾನ ನವಲಗುಂದದಾಗ ನಮ್ಮ ಅಕ್ಕನ ಮನಿ ಹಿತ್ತಲದಾಗ ಹಚ್ಚಿದ್ವಿ. ಸಫರಚಂದ ಇಲ್ಲೆಲ್ಲಿ ಬರ್ತಾವ, ಆ ಜಾಗಾಕ್ಕ ಒಂದು ಪೇರಲ ಹಚ್ಚು ಅಂತ ಅವ್ವ ಅಂದಿದ್ಲು. ಈಗ ಮೇ ತಿಂಗಳು ಬಂತಂದ್ರ ದಿನಾ ಮುಂಜಾನೆ ಗಿಡದ ಕೆಳಗ ನಿಂತು ಕಾಯಿ ಎಣಸೋದು ಆಕಿನ.

ಮಾರ್ಕೆಟ್‌ನಾಗ ಸಿಗೋ ಡೆಲಿಶಿಯಸ್ ಜಾತಿ ಇಲ್ಲಿ ಹಚ್ಚಿದ್ರ ಗಿಡ ಬೆಳದ್ರೂ ಹಣ್ಣಿನ ಆಶಾ ಬಿಡ್ರಿ. ಅವಕ್ಕ ಚಳಿಗಾಲದಾಗ 7 ಡಿಗ್ರಿಗಿಂತ ಕೆಳಗಿನ ಥಂಡಿ ಸಾವಿರ ತಾಸಿನ ಆಜೂಬಾಜು ಬೇಕು, ನಮ್ಮ ಧಾರವಾಡದಾಗ ಡಿಸೆಂಬರ್ ರಾತ್ರಿ 13-14 ಡಿಗ್ರಿ ಆದ್ರ ನಾವು ಸ್ವೆಟರ್ ಹುಡುಕ್ತೀವಿ. ಅದಕ್ಕ ಕಡಿಮಿ ಥಂಡಿ ಸಾಕು ಅನ್ನೋ ತಳಿನ ಬೇಕು. ಅನ್ನಾ ಇಸ್ರೇಲ್‌ದಾಗ ತಯಾರ್ ಮಾಡಿದ್ದು, ಡಾರ್ಸೆಟ್ ಗೋಲ್ಡನ್ ಬಹಾಮಾಸ್ ದ್ವೀಪದಾಗ ಸಿಕ್ಕದ್ದು, ಹರಿಮನ್-99 ಹಿಮಾಚಲದ ಬಿಲಾಸಪುರ ಜಿಲ್ಲಾದ ಪನಿಯಾಲಾ ಊರಿನ ರೈತ ಹರಿಮನ್ ಶರ್ಮಾ ಅವ್ರು ಬೆಳಸಿದ್ದು, ಅವ್ರಿಗೆ 2025ರಾಗ ಪದ್ಮಶ್ರೀನೂ ಬಂತು.

ಮೊದಲ ರುಚಿ ಹೇಳ್ತೀನಿ, ಯಾಕಂದ್ರ ಮನಿಗೆ ಹಚ್ಚೋದ ತಿನ್ನಾಕ. ಅನ್ನಾ ಉದ್ದಕ ಇರತೈತಿ, ಹಳದಿ ಮ್ಯಾಲ ಬಿಸಲು ಬಿದ್ದ ಕಡೆ ಕೆಂಪು, ಕಡದ್ರ ಕರಂ ಅಂತೈತಿ, ಸಿಹಿ ಜೊತಿಗೆ ಹದವಾದ ಹುಳಿ, ಫ್ರಿಜ್‌ನಾಗ ಒಂದ್ ತಿಂಗಳು ಇಟ್ರೂ ಏನೂ ಆಗಿಲ್ಲ. ಡಾರ್ಸೆಟ್ ಪೂರಾ ಹಳದಿ, ಗಿಡದ ಮ್ಯಾಲಿಂದ ಕಿತ್ತು ಅವತ್ತ ತಿಂದ್ರ ಅನ್ನಾಕ್ಕಿಂತ ಸಿಹಿ ಅನಸ್ತೈತಿ, ಆದ್ರ ನಮ್ಮ ಮೇ ತಿಂಗಳ ಸೆಕಿಗೆ ನಾಕೈದ್ ದಿನದಾಗ ಮೆತ್ತಗಾಗಿ ಹಿಟ್ಟು ಹಿಟ್ಟು ಆಗತೈತಿ. ಹರಿಮನ್ ಮೆತ್ತನ ಹಣ್ಣು, ರಸ ಭಾಳ, ಹುಳಿ ಸ್ವಲ್ಪ ಮುಂದ. ನಮ್ಮ ಮನ್ಯಾಗ ಹುಡುಗ್ರು ಮೊದಲ ಕೈ ಹಾಕೋದು ಅನ್ನಾಕ್ಕ, ನನ್ನ ಓಟೂ ಅದಕ್ಕ.

ಆದ್ರ ಅನ್ನಾ ಒಂದ ಹಚ್ಚಿ ಕುಂತ್ರ ಆಗೂದಿಲ್ಲ, ಇದನ್ನ ಮಾರೋರು ಹೇಳೂದ ಇಲ್ಲ. ಅದಕ್ಕ ಬ್ಯಾರೆ ತಳಿಯ ಪರಾಗ ಬೇಕು, ಅದೂ ಅದೇ ಟೈಮಿಗೆ ಹೂ ಬಿಡೋ ಗಿಡದ್ದು, ಅನ್ನಾಕ್ಕ ಜೋಡಿ ಅಂದ್ರ ಡಾರ್ಸೆಟ್. ನವಲಗುಂದದಾಗ ಅಕ್ಕನ ಗಿಡ ಒಂಟಿ ಇತ್ತಲ್ಲ, 2021ರಾಗ ಗಿಡದ ತುಂಬ ಹೂ ಬಿಟ್ಟು ಒಂದ್ ವಾರಕ್ಕ ಎಲ್ಲಾ ಉದುರಿ ಎರಡ ಎರಡು ಕಾಯಿ ನಿಂತ್ವು. ಅದೇ ವರ್ಷ ನಮ್ಮಲ್ಲಿ ಎರಡೂ ಬಾಜೂಕ ಇದ್ದಿದ್ದಕ್ಕ ಅನ್ನಾಕ್ಕ 14 ಕಾಯಿ. ಹರಿಮನ್‌ಗೆ ಜೋಡಿ ಬೇಡ ಅಂತಾರ, ನಮ್ಮಲ್ಲಿ ಎಲ್ಲಾ ಒಂದ ಕಡೆ ಇರೋದ್ರಿಂದ ಅದನ್ನ ಬಿಡಿಸಿ ನೋಡೋದಾಗಿಲ್ಲ, ಆದ್ರ ಪ್ರತಿ ವರ್ಷ ಕಾಯಿ ಹೆಚ್ಚು ನಿಲ್ಲೋದು ಅದರದ್ದ, ಗಿಡಾನೂ ಮೂರರಾಗ ಗಟ್ಟಿ. ಏಪ್ರಿಲ್‌ದಾಗ 38 ಡಿಗ್ರಿ ಬಿಸಲಿಗೆ ಅನ್ನಾದ ಎಲಿ ಅಂಚು ಸುಟ್ಟಂಗ ಆದ್ರೂ ಇದು ಹಸರ ಇರತೈತಿ.

ಈಗ ಅಕ್ಕನ ಗಿಡದ ವಿಷಯ. ಇದನ್ನ ನೆನಸಿದ್ರ ಈಗ್ಲೂ ಹೊಟ್ಟಿ ಉರೀತೈತಿ. ನಮ್ಮದು ಮಸಾರಿ, ನೀರು ನಿಲ್ಲೂದಿಲ್ಲ, ನವಲಗುಂದದ್ದು ಅಪ್ಪಟ ಎರಿ ಮಣ್ಣು, ಮಳಿಗಾಲದಾಗ ಕಾಲಿಟ್ರ ಚಪ್ಪಲಿ ಅಲ್ಲೇ ಉಳೀತೈತಿ. ಗಿಡ ತರ್ಸಿದ ನರ್ಸರಿಯವ್ರಿಗೆ ಫೋನ್ ಮಾಡಿ ಎಂಥಾ ಬೇರಿನ ಮ್ಯಾಲ ಕಸಿ ಮಾಡೀರಿ ಅಂತ ಕೇಳಿದ್ದೆ, ಎಲ್ಲಾ ಮಣ್ಣಿಗೂ ನಡೀತಾವ ಸರ್ ಅಂದಿದ್ರು. 2021ರ ಆಗಸ್ಟ್‌ನಾಗ ಎಲಿ ಹಳದಿ ಆಗಾಕ ಹತ್ಯಾವ ಅಂತ ಅಕ್ಕ ಕರದ್ಲು, ಹೋಗಿ ಬಡ್ಡಿ ಹತ್ರ ಮಣ್ಣು ಸರಿಸಿದ್ರ ಕಸಿ ಗಂಟು, ಅಂದ್ರ ಬೇರಿನ ಗಿಡಕ್ಕ ಸೇಬಿನ ಕಡ್ಡಿ ಕೂಡಿಸಿದ ಜಾಗ, ನಾಕು ಬೆರಳು ಮಣ್ಣಾಗ ಹುಗದ ಹೋಗಿತ್ತು. ಉಗುರಿಲೆ ತೊಗಟಿ ಕೆರದೆ. ಹಸರ ಬರಬೇಕಾದಲ್ಲೆ ಕಾಫಿ ಪುಡಿ ಬಣ್ಣ, ಒತ್ತಿದ್ರ ನೀರು ಜಿನುಗಿ ಕೊಳೆತ ವಾಸನಿ, ಬಡ್ಡಿ ಸುತ್ತ ಮುಕ್ಕಾಲು ಭಾಗ ಹಂಗ. ಆಮ್ಯಾಲ ಬಿಲ್ ಹುಡುಕಿ ನೋಡಿದ್ರ ಬೇರಿನ ಜಾತಿ ಎಂಎಂ-106 ಅಂತ ಬರದಿತ್ತು, ನೀರು ನಿಲ್ಲೋ ಮಣ್ಣಾಗ ಬಡ್ಡಿ ಕೊಳೆಯೋ ರೋಗಕ್ಕ ಮೊದಲ ಬೀಳೋದ ಆ ಬೇರು. ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹಾಕಿದ್ವಿ, 10 ಲೀಟರ್ ನೀರಿಗೆ 100 ಗ್ರಾಂ ಅದು 100 ಗ್ರಾಂ ಇದು, ಆದ್ರ ಟೈಮ್ ಮೀರಿತ್ತು, ದೀಪಾವಳಿಗೆ ಗಿಡ ಒಣಗ್ತು. ಎರಿ ಮಣ್ಣಿನವ್ರು ಎಂಎಂ-111 ಬೇರಿಂದ ಅಂತ ಬಿಲ್ಲಿನ ಮ್ಯಾಲ ಬರಸಿಕೊಂಡ ತಗೋರಿ, ಅದು ಒಜ್ಜಿ ಮಣ್ಣು ತಡಕೋತೈತಿ, ಬೇರಿಗೆ ಹತ್ತೋ ಬಿಳಿ ಉಣ್ಣಿ ಹೇನಿನ ಕಾಟಾನೂ ಕಡಿಮಿ. ಮತ್ತ ತೆಗ್ಗಿನಾಗ ಹಚ್ಚಬ್ಯಾಡ್ರಿ, ಒಂದೂವರೆ ಫೂಟ್ ದಿಬ್ಬ ಮಾಡಿ ಅದರ ಮ್ಯಾಲ ಹಚ್ರಿ, ಕಸಿ ಗಂಟು ಯಾವಾಗ್ಲೂ ಕಣ್ಣಿಗೆ ಕಾಣಬೇಕು.

ಆರೈಕಿ ಮೂರಕ್ಕೂ ಒಂದ. ಬಡ್ಡಿಗೆ ಸುಣ್ಣ, ಸುತ್ತ ಶೇಂಗಾ ಹೊಟ್ಟು, ಬ್ಯಾಸಗಿಯಾಗ ಎರಡು ದಿನಕ್ಕೊಮ್ಮೆ ನೀರು. ಗಿಳಿ ಬಂದ್ರ ಕಾಯಿಗೆ ಬಲೆ ಚೀಲ. ಎಲಿ ಕೀಳೋದು ಮಾತ್ರ ಬಿಡಬ್ಯಾಡ್ರಿ. ಇಲ್ಲಿ ಥಂಡಿ ಸಾಲದ್ದಕ್ಕ ಗಿಡ ತಾನಾಗೇ ಎಲಿ ಉದುರ್ಸೂದಿಲ್ಲ, ಉದುರದಿದ್ರ ಮೊಗ್ಗು ಒಮ್ಮೆಲೇ ಒಡೆಯೂದಿಲ್ಲ, ಅಲ್ಲೊಂದು ಇಲ್ಲೊಂದು ಹೂ ಬಂದು ಹೋಗತೈತಿ. ಇಂಡೋನೇಶಿಯಾದ ಬಾತು ಊರಿನ ರೈತ್ರು ಹಿಂಗ ಎಲಿ ಕಿತ್ತು ಕಿತ್ತು ವರ್ಷಕ್ಕ ಎರಡು ಬೆಳಿ ತಗೀತಾರ. ನಾ 2020ರಾಗ ಕೀಳಲಿಲ್ಲ, ಹೂ ಬೆರಳೆಣಿಕಿ. ಮರುವರ್ಷದಿಂದ ಡಿಸೆಂಬರ್ ಕೊನೀ ವಾರ ನೀರು ನಿಲ್ಲಿಸಿ, ಮೊಗ್ಗಿಗೆ ಪೆಟ್ಟಾಗದಂಗ ಒಂದೊಂದ ಎಲಿ ಕೈಲೆ ಕಿತ್ತು, ಎರಡ್ ವಾರ ಬಿಟ್ಟು ತಿಪ್ಪಿಗೊಬ್ಬರ ಹಾಕಿ ನೀರು ಬಿಡ್ತೀನಿ, ಫೆಬ್ರವರಿ ಮೊದಲಿಗೆ ಗುಲಾಬಿ ಮೊಗ್ಗು ಗೊಂಚಲು ಗೊಂಚಲು ಬರ್ತಾವ. ಡಾರ್ಸೆಟ್ ನಾಕೈದ್ ದಿನ ಮುಂದ ಒಡೀತೈತಿ ನಮ್ಮಲ್ಲಿ, ಅದಕ್ಕ ಅದರ ಎಲಿ ಅಷ್ಟ ದಿನ ತಡಾ ಮಾಡಿ ಕೀಳ್ತೀನಿ, ಅನ್ನಾದ ಜೊತಿ ಹೂ ಕೂಡಬೇಕಲ್ಲ. ಗೊಂಚಲಕ್ಕ ಒಂದ ಕಾಯಿ ಬಿಟ್ಟು ಉಳದದ್ದು ತಗದುಬಿಡ್ರಿ, ಜೀವ ಕಚ್ ಅಂತೈತಿ ಖರೆ, ಆದ್ರ ಬಿಟ್ರ ಎಲ್ಲಾ ನಿಂಬಿಕಾಯಿ ಅಷ್ಟ ಆಗಿ ನಿಲ್ತಾವ.

ಹಿತ್ತಲದಾಗ ಎರಡು ಗಿಡಕ್ಕ ಜಾಗ ಇದ್ದೋರು 10-12 ಫೂಟ್ ಬಿಟ್ಟು ಅನ್ನಾ ಡಾರ್ಸೆಟ್ ಜೋಡಿ ಹಚ್ರಿ, ಡಾರ್ಸೆಟ್ ಹಣ್ಣು ಇಡಾಕ ಬರ್ದಿದ್ರೂ ಅನ್ನಾದ ಸಲುವಾಗಿ ಬೇಕು. ಒಂದ ಗಿಡಕ್ಕ ಜಾಗ ಇದ್ರ ಹರಿಮನ್-99, ರುಚಿ ಒಂದ್ ಮೆಟ್ಲು ಕೆಳಗಾದ್ರೂ ಆದೀತು. ಅಕ್ಕಗ ಹೋದ ಜನವರಿಯೊಳಗ ದಿಬ್ಬದ ಮ್ಯಾಲ ಎಂಎಂ-111 ಬೇರಿನ ಅನ್ನಾ, ಡಾರ್ಸೆಟ್ ಎರಡೂ ಹಚ್ಚಿಕೊಟ್ಟೇನಿ. ಈ ಮಳಿಗಾಲ ಎರಡೂ ದಾಟ್ಯಾವ, ಆಕಿ ವಾರಕ್ಕೊಮ್ಮೆ ಬಡ್ಡಿ ಕೆರದು ಹಸರ ಐತಿ ನೋಡು ಅಂತ ಫೋಟೋ ಕಳಸ್ತಾಳ.