ಆರು ಹಬ್ಬದ ಸೀಸನ್, ಒಂದು ಬೇಸ್ ಆಂಪ್: ಫೆಂಡರ್ ರಂಬಲ್ 500 ಬಳಸಿದ ಅನುಭವ

ಗಣಪತಿ ಕೂರಿಸಿದ ದಿನದಿಂದ ನವೆಂಬರ್ ಕೊನೆಯ ರಾಜ್ಯೋತ್ಸವ ಮುಗಿಯುವವರೆಗೂ ನಮ್ಮ ಆರ್ಕೆಸ್ಟ್ರಾಗೆ ಬಿಡುವಿಲ್ಲ. ಇಬ್ಬರು ಗಾಯಕರು, ಕೀಬೋರ್ಡ್, ಲೀಡ್ ಗಿಟಾರ್, ಡ್ರಮ್ಸ್, ರಿದಂ ಪ್ಯಾಡ್, ಬೇಸ್ ಗಿಟಾರ್‌ಗೆ ನಾನು. ಉಳಿದ ತಿಂಗಳುಗಳಲ್ಲಿ ಮದುವೆ ಆರತಕ್ಷತೆ, ಕಾಲೇಜು ಫೆಸ್ಟು. 2018ರಲ್ಲಿ ಕೊಂಡ ಈ ಆಂಪ್ (ಬೇಸ್ ಗಿಟಾರಿನ ದನಿ ದೊಡ್ಡದು ಮಾಡುವ ಪೆಟ್ಟಿಗೆ) ಆರು ಸೀಸನ್ ನನ್ನ ಜೊತೆ ಊರೂರು ಸುತ್ತಿದೆ. ಮೊದಲ ಬಾರಿ ಬೇಸ್ ಆಂಪ್ ಕೊಳ್ಳಲು ಹೊರಟ ಹುಡುಗರು ಆಗಾಗ ಫೋನ್ ಮಾಡಿ ಕೇಳುತ್ತಾರೆ. ಪ್ರತಿ ಸಲ ಅರ್ಧ ಹೇಳಿ ಅರ್ಧ ಮರೆಯುತ್ತೇನೆ. ಇಲ್ಲಿ ಪೂರ್ತಿ ಬರೆದಿದ್ದೇನೆ.

ಮೊದಲು ತೂಕದ ಮಾತು. ಇದಕ್ಕೆ ಮುಂಚೆ ನನ್ನ ಹತ್ತಿರ ಇದ್ದದ್ದು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ, 15 ಇಂಚಿನ ಸ್ಪೀಕರ್‌ನ ಹಳೇ ಕಾಂಬೊ, ಅಂದರೆ ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವಂಥದ್ದು. ದನಿ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬನೇ ಎತ್ತುವ ಹಾಗಿರಲಿಲ್ಲ. ಊರ ದೇವಸ್ಥಾನದ ಮುಂದೆ ಹಾಕುವ ಸ್ಟೇಜಿಗೆ ಮೆಟ್ಟಿಲೇ ಇರುವುದಿಲ್ಲ, ಒಂದು ಏಣಿ ಇದ್ದರೆ ಪುಣ್ಯ. ಕಾರ್ಯಕ್ರಮ ಮುಗಿದು ಎಲ್ಲರೂ ವೈರ್ ಸುತ್ತುತ್ತಿರುವಾಗ, ಆಂಪ್ ಇಳಿಸಲು ಕೈ ಕೊಡಿ ಎಂದು ಡ್ರಮ್ಸ್‌ನವನನ್ನು ಕಾಯುತ್ತಾ ನಿಲ್ಲಬೇಕಿತ್ತು. ಒಮ್ಮೆ ಹಾಗೆ ಇಳಿಸುವಾಗ ಸೊಂಟ ಹಿಡಿದುಕೊಂಡು ಎರಡು ವಾರ ಬೇಸ್ ಮುಟ್ಟಲಾಗಲಿಲ್ಲ. ರಂಬಲ್ 500ರ ತೂಕ ಹದಿನಾರೂವರೆ ಕೆಜಿ. ಬಲಗೈಯಲ್ಲಿ ಆಂಪ್, ಹೆಗಲಿಗೆ ಬೇಸ್, ಎಡಗೈಯಲ್ಲಿ ಕೇಬಲ್ ಚೀಲ ಹಿಡಿದು ಒಂದೇ ಸಲಕ್ಕೆ ಹೋಗಬಹುದು. ಆಟೋದ ಹಿಂದಿನ ಸೀಟಿನಲ್ಲಿ ನನ್ನ ಪಕ್ಕವೇ ಕೂರುತ್ತದೆ. ಒಳಗಿರುವುದು ಕ್ಲಾಸ್ ಡಿ ಪವರ್ ಆಂಪ್. ಬಿಸಿಯಾಗಿ ಪೋಲಾಗುವ ಪವರ್ ಕಡಿಮೆ, ಆದ್ದರಿಂದ ಬಿಸಿ ಹೊರಹಾಕುವ ದೊಡ್ಡ ಲೋಹದ ಹೀಟ್‌ಸಿಂಕ್ ಹೊರುವ ಕೆಲಸವಿಲ್ಲ. 1969ರಲ್ಲಿ ಬಂದ ಹೆಸರಾಂತ ಬೇಸ್ ಆಂಪ್ ಆಂಪೆಗ್ ಎಸ್‌ವಿಟಿ ವಾಲ್ವ್‌ಗಳಿಂದ (ಹಳೇ ರೇಡಿಯೊದಲ್ಲಿದ್ದಂಥ ಗಾಜಿನ ಕೊಳವೆಗಳು) 300 ವ್ಯಾಟ್ ಕೊಡುತ್ತಿತ್ತು. ಅದರ ಹೆಡ್ (ಸ್ಪೀಕರ್ ಇಲ್ಲದ ಆಂಪ್ ಭಾಗ) ಒಂದನ್ನೇ ಸಾಗಿಸುವುದೂ ಕಷ್ಟದ ಕೆಲಸ, ಜೊತೆಗೆ ಎಂಟು ಸ್ಪೀಕರ್‌ನ ಎದೆಯೆತ್ತರದ ಪೆಟ್ಟಿಗೆ ಬೇರೆ. ಆ ದನಿಗೆ ನಾನು ಕೈ ಮುಗಿಯುತ್ತೇನೆ, ಆದರೆ ಏಣಿ ಹತ್ತಿಸುವವರು ಯಾರು?

ಇನ್ನು ವ್ಯಾಟ್. ಎಲ್ಲರೂ ಮೊದಲು ಕೇಳುವುದು ಇದನ್ನೇ, ದಾರಿ ತಪ್ಪುವುದೂ ಇಲ್ಲೇ. ವ್ಯಾಟ್ ಎರಡರಷ್ಟಾದರೆ ಶಬ್ದ ಎರಡರಷ್ಟಾಗುವುದಿಲ್ಲ, ಹೆಚ್ಚುವುದು ಬರೀ 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಜೋರು ಅನಿಸಬೇಕಾದರೆ ಹತ್ತು ಪಟ್ಟು ಪವರ್ ಬೇಕು. ಈ ಆಂಪ್‌ನ ಹೆಸರಿನಲ್ಲಿ 500 ಇದೆ. ಆದರೆ ಒಳಗಿನ ಎರಡು ಹತ್ತು ಇಂಚಿನ ಸ್ಪೀಕರ್‌ಗಳು ಸೇರಿ 8 ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ) ಆಗುವುದರಿಂದ ಅವುಗಳಿಗೆ ಸಿಗುವುದು 350 ವ್ಯಾಟ್. ಹೊರಗಿನಿಂದ ಇನ್ನೊಂದು 8 ಓಮ್ ಕ್ಯಾಬಿನೆಟ್ (ಬರೀ ಸ್ಪೀಕರ್ ಇರುವ ಪೆಟ್ಟಿಗೆ) ಸಿಕ್ಕಿಸಿ ಒಟ್ಟು 4 ಓಮ್ ಆದಾಗ ಮಾತ್ರ 500. ಕೊಳ್ಳುವ ಮುಂಚೆ ಇದು ಗೊತ್ತಿರಲಿ. ಹಾಗೆಂದು ಬೇಸರಪಡಬೇಕಿಲ್ಲ, ಎರಡರ ನಡುವಿನ ಅಂತರ ಒಂದೂವರೆ ಡೆಸಿಬಲ್‌ನಷ್ಟೇ. ಎರಡನೇ ಕ್ಯಾಬಿನೆಟ್ ಇಟ್ಟಾಗ ಆಗುವ ನಿಜವಾದ ಲಾಭ ಗಾಳಿ ತಳ್ಳುವ ಸ್ಪೀಕರ್‌ಗಳು ಹೆಚ್ಚಾಗುವುದರಿಂದ ಬರುತ್ತದೆ. ನಾನು ಆರು ವರ್ಷದಲ್ಲಿ ನಾಲ್ಕೈದು ಸಲ ಮಾತ್ರ ಹಾಗೆ ಇಟ್ಟಿದ್ದೇನೆ, ಎಲ್ಲವೂ ದೊಡ್ಡ ಮೈದಾನಗಳು. ಹಾಗೆ ಸಿಕ್ಕಿಸುವಾಗ ಸ್ಪೀಕರ್ ಕೇಬಲ್ಲನ್ನೇ ಬಳಸಿ, ಗಿಟಾರ್ ಕೇಬಲ್ ಬೇಡ. ನೋಡಲು ಒಂದೇ ಥರ ಇದ್ದರೂ ಗಿಟಾರ್ ಕೇಬಲ್ಲಿನ ಒಳಗಿನ ತಂತಿ ತೆಳ್ಳಗಿರುತ್ತದೆ, ಬಿಸಿಯಾಗುತ್ತದೆ.

ನನಗೆ ಅರ್ಥವಾಗಲು ಬಹಳ ಕಾಲ ಹಿಡಿದದ್ದು ಒಂದಿದೆ. ಆಂಪ್ ಇರುವುದು ಜನರಿಗೆ ಕೇಳಿಸಲು ಅಲ್ಲ. ಜನರಿಗೆ ಕೇಳಿಸುವುದು ಸೌಂಡ್‌ನವರ ದೊಡ್ಡ ಬಾಕ್ಸ್‌ಗಳು. ನನ್ನ ಆಂಪ್ ಇರುವುದು ನನಗೆ, ಡ್ರಮ್ಸ್‌ನವನಿಗೆ, ಹಾಡುವವರಿಗೆ. ಬೇಸ್ ಸರಿಯಾಗಿ ಕೇಳದಿದ್ದರೆ ಗಾಯಕರಿಗೆ ಶ್ರುತಿಯ ನೆಲ ಸಿಗುವುದಿಲ್ಲ, ಡ್ರಮ್ಸ್‌ನವನು ಊಹೆಯ ಮೇಲೆ ಬಾರಿಸುತ್ತಾನೆ. ಈ ಲೆಕ್ಕದಲ್ಲಿ ನೋಡಿದರೆ ಆಂಪ್ ಆರಿಸುವ ರೀತಿಯೇ ಬದಲಾಗುತ್ತದೆ.

ಇದನ್ನು ಕಲಿಸಿದ್ದು ಎರಡನೇ ವರ್ಷದ ಒಂದು ಗಣಪತಿ ಕಾರ್ಯಕ್ರಮ. ಬೀದಿ ಮಧ್ಯೆ ಖಾಲಿ ಡ್ರಮ್ಮುಗಳ ಮೇಲೆ ಹಲಗೆ ಜೋಡಿಸಿ, ಮೇಲೆ ಕಾರ್ಪೆಟ್ ಹಾಸಿದ ಸ್ಟೇಜು. ಆಂಪ್‌ನ್ನು ನೇರ ಹಲಗೆ ಮೇಲೆ ಇಟ್ಟೆ. ಮೊದಲ ಹಾಡಿನಲ್ಲೇ ಇಡೀ ಸ್ಟೇಜು ಗುಂಯ್‌ಗುಡಲು ಶುರುವಾಯಿತು. ಯಾವ ಸ್ವರ ನುಡಿಸಿದರೂ ಒಂದೇ ಥರ. ನನಗೆ ನನ್ನ ಬೇಸ್ ಕೇಳುತ್ತಿಲ್ಲವೆಂದು ಆಂಪ್‌ನಲ್ಲಿ ದಪ್ಪ ದನಿ ಹೆಚ್ಚಿಸುವ ಬೇಸ್ ನಾಬ್ ಏರಿಸಿದೆ. ಗುಂಯ್ ಇನ್ನೂ ಜಾಸ್ತಿ. ಎರಡನೇ ಹಾಡು ಮುಗಿದಾಗ ಕೀಬೋರ್ಡ್ ಹುಡುಗ ಬಗ್ಗಿ, "ಅಣ್ಣಾ, ನೀವು ಏನು ನುಡಿಸ್ತಿದ್ದೀರೋ ಗೊತ್ತೇ ಆಗ್ತಿಲ್ಲ, ಬರೀ ನೆಲ ನಡುಗ್ತಿದೆ" ಅಂದ. ಸೌಂಡ್‌ನವರಲ್ಲಿ ಒಬ್ಬರು ಹಿರಿಯರಿದ್ದರು. ಅವರು ಒಂದು ಮಾತೂ ಆಡದೆ ಸ್ಟೇಜಿನ ಹಿಂದಿನಿಂದ ಕೂಲ್‌ಡ್ರಿಂಕ್ಸ್‌ನ ಎರಡು ಖಾಲಿ ಕ್ರೇಟ್ ತಂದು ಬೋರಲು ಹಾಕಿದರು, ಆಂಪ್‌ನ್ನು ಅದರ ಮೇಲೆ ಕೂರಿಸಿದರು. ಆಮೇಲೆ "ಬೇಸ್ ಇಳಿಸಿ, ಮಿಡ್ ಏರಿಸಿ" ಅಂದರು. ಬೇಸ್ ನಾಬನ್ನು ಗಡಿಯಾರದ ಹತ್ತು ಗಂಟೆಗೆ ಇಳಿಸಿ, ನಡುವಿನ ದನಿಯ ಕೆಳಭಾಗವನ್ನು ಹೆಚ್ಚಿಸುವ ಲೋ ಮಿಡ್‌ನ್ನು ಒಂದೂವರೆಗೆ ತಂದೆ. ಕಾಂಟೂರ್ ಬಟನ್ ಆಫ್ ಮಾಡಿದೆ. ಮಂಜು ಸರಿದ ಹಾಗಾಯಿತು. ಸ್ವರಗಳೆಲ್ಲ ಬಿಡಿಬಿಡಿಯಾಗಿ ಕೇಳತೊಡಗಿದವು.

ಕಾರಣ ದೊಡ್ಡದೇನಲ್ಲ. ಬೇಸ್‌ನ ದಪ್ಪ ಇ ತಂತಿ ಮಿಡಿಯುವುದು ಸೆಕೆಂಡಿಗೆ 41 ಸಲ. ಆ ಕಂಪನವನ್ನು ಪೆಟ್ಟಿಗೆ ನೇರವಾಗಿ ಹಲಗೆಗೆ ದಾಟಿಸಿದರೆ ಹಲಗೆಯೇ ಇನ್ನೊಂದು ಸ್ಪೀಕರ್ ಆಗುತ್ತದೆ, ತನಗೆ ಬೇಕಾದ ಸ್ವರವನ್ನು ಮಾತ್ರ ಉಬ್ಬಿಸುತ್ತದೆ. ಜೊತೆಗೆ ಸ್ವರ ಯಾವುದೆಂದು ಕಿವಿಗೆ ಗುರುತು ಹಚ್ಚಿಕೊಡುವ, ದನಿಯ ಮೇಲಿನ ಚೂಪು ಭಾಗ ನೇರ ಮುಂದಕ್ಕೆ ಹೋಗುವಂಥದ್ದು. ನೆಲದ ಮೇಲಿಟ್ಟ ಆಂಪ್ ಅದನ್ನೆಲ್ಲ ನನ್ನ ಮೀನಖಂಡಕ್ಕೆ ಕೇಳಿಸುತ್ತಿತ್ತು. ಕಾಂಟೂರ್ ಬಟನ್ ನಡುವಿನ ದನಿಯನ್ನು ತಗ್ಗಿಸುತ್ತದೆ. ಮನೆಯಲ್ಲಿ ಒಬ್ಬನೇ ನುಡಿಸುವಾಗ ಬಲು ಇಂಪು, ಅಂಗಡಿಯಲ್ಲಿ ಕೇಳಿದರೆ ಅದಕ್ಕೇ ಮನಸೋಲುತ್ತೀರಿ. ತಂಡದ ನಡುವೆ ಒತ್ತಿದರೆ ನೀವು ಮಾಯ. ದಯವಿಟ್ಟು ಅಂಗಡಿಯಲ್ಲಿ ಅದನ್ನು ಆಫ್ ಮಾಡಿಯೇ ಪರೀಕ್ಷಿಸಿ. ಅಂದಿನಿಂದ ನನ್ನ ಸಾಮಾನಿನಲ್ಲಿ ಒಂದು ಕ್ರೇಟ್ ಕಾಯಂ.

ಎರಡನೇ ದೊಡ್ಡ ವಿಷಯ ಕರೆಂಟು. ನಮ್ಮ ಕಾರ್ಯಕ್ರಮಗಳು ಬಹುಪಾಲು ಜನರೇಟರ್ ಮೇಲೆ ನಡೆಯುತ್ತವೆ. ಆಂಪ್‌ನ ಹಿಂದಿರುವ ಎಕ್ಸ್‌ಎಲ್‌ಆರ್ ಲೈನ್ ಔಟ್‌ನಿಂದ (ಮೈಕ್ ವೈರಿನಂಥ ಮೂರು ಪಿನ್ನಿನ ಕಿಂಡಿ) ಸೌಂಡ್‌ನವರ ಮಿಕ್ಸರ್‌ಗೆ ವೈರ್ ಹೋಗುತ್ತದೆ. ಆಂಪ್‌ಗೂ ಮಿಕ್ಸರ್‌ಗೂ ಬೇರೆ ಬೇರೆ ಕಡೆಯಿಂದ ಅರ್ಥ್ ಸಿಕ್ಕರೆ ಹಮ್, ಅಂದರೆ ಎಡೆಬಿಡದ ಗುಂಯ್ ಸದ್ದು, ಬರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್ (ಸೆಕೆಂಡಿಗೆ 50 ಸಲ), ಇ ತಂತಿಯ ಮೂರನೇ ಫ್ರೆಟ್ಟಿನ ಜಿ 49 ಹರ್ಟ್ಸ್. ಆ ಸ್ವರ ಹಿಡಿದು ನಿಂತರೆ ಹಮ್ಮಿನ ಜೊತೆ ಸೆಕೆಂಡಿಗೆ ಸುಮಾರು ಒಂದು ಸಲ ಏರಿಳಿಯುತ್ತದೆ, ಏನೋ ಉಸಿರಾಡುತ್ತಿರುವ ಹಾಗೆ. ಮೊದಲ ಸಲ ಕೇಳಿದಾಗ ಬೇಸ್‌ನ ಶ್ರುತಿ ಹೋಗಿದೆ ಅಂದುಕೊಂಡು ಟ್ಯೂನ್ ಮಾಡುತ್ತಾ ನಿಂತಿದ್ದೆ. ಲೈನ್ ಔಟ್ ಪಕ್ಕದಲ್ಲೇ ಗ್ರೌಂಡ್ ಲಿಫ್ಟ್ ಎಂಬ ಸಣ್ಣ ಬಟನ್ ಇದೆ. ಅದನ್ನು ಒತ್ತಿದರೆ ಬಹಳಷ್ಟು ಸಲ ಹಮ್ ನಿಂತುಬಿಡುತ್ತದೆ.

ಇಲ್ಲೊಂದು ಮಾತನ್ನು ಕೈ ಮುಗಿದು ಹೇಳುತ್ತೇನೆ. ಹಮ್ ಹೋಗಲಿ ಎಂದು ಪ್ಲಗ್ಗಿನ ಅರ್ಥ್ ಪಿನ್ ಕೀಳಬೇಡಿ, ಕಿತ್ತವರ ಬೋರ್ಡಿಗೆ ಆಂಪ್ ಸಿಕ್ಕಿಸಬೇಡಿ. ಬಟನ್ ಕಡಿಯುವುದು ಸಿಗ್ನಲ್ ವೈರಿನ ಅರ್ಥನ್ನು ಮಾತ್ರ, ಪ್ಲಗ್ಗಿನ ಅರ್ಥ್ ನಿಮ್ಮ ಜೀವ ಕಾಯುವಂಥದ್ದು. ನಮ್ಮ ಗಾಯಕಿಯೊಬ್ಬರಿಗೆ ಒಂದು ಕಾರ್ಯಕ್ರಮದಲ್ಲಿ ಮೈಕ್ ತುಟಿಗೆ ತಾಗಿದ ಕೂಡಲೇ ಶಾಕ್ ಹೊಡೆಯಿತು. ಆಗ ಅವರ ಇನ್ನೊಂದು ಕೈ ಲೀಡ್ ಗಿಟಾರ್ ಮೇಲಿತ್ತು, ಗಿಟಾರ್ ಆಂಪ್ ಹಾಕಿದ್ದ ಬೋರ್ಡಿಗೆ ಅರ್ಥ್ ಇರಲಿಲ್ಲ. ಅವತ್ತು ದೊಡ್ಡದೇನೂ ಆಗಲಿಲ್ಲ, ಆದರೆ ಆಕೆ ಬೆಚ್ಚಿದ ಮುಖ ಈಗಲೂ ಕಣ್ಣ ಮುಂದಿದೆ. ಈಗ ಪ್ಲಗ್ ಟೆಸ್ಟರ್ ಒಂದು ಚೀಲದಲ್ಲೇ ಇರುತ್ತದೆ. ಅರ್ಥ್ ದೀಪ ಹತ್ತದಿದ್ದರೆ ಆ ಬೋರ್ಡಿಗೆ ನಾನು ಏನನ್ನೂ ಹಾಕುವುದಿಲ್ಲ, ಎಷ್ಟೇ ತಡವಾಗಲಿ.

ತಡ ಅಂದರೆ ನಮಗೆ ನಿಜಕ್ಕೂ ಕಷ್ಟ. ರಾತ್ರಿ ಹತ್ತಕ್ಕೆ ಮೈಕ್ ಬಂದ್ ಮಾಡಬೇಕೆಂಬ ನಿಯಮ. ಭಾಷಣ, ಸನ್ಮಾನ ಎಲ್ಲ ಮುಗಿದು ಸ್ಟೇಜ್ ನಮ್ಮ ಕೈಗೆ ಬರುವಷ್ಟರಲ್ಲಿ ಎಂಟು ದಾಟಿರುತ್ತದೆ. ಸೌಂಡ್ ಚೆಕ್‌ಗೆ ಸಿಗುವುದು ಹತ್ತು ನಿಮಿಷ. ಈ ಆಂಪ್‌ನಲ್ಲಿ ಎಲ್ಲ ನಾಬ್‌ಗಳೂ ಒಂದೇ ಸಾಲಿನಲ್ಲಿ ಕಣ್ಣಿಗೆ ಬೀಳುವುದು ನನಗೆ ತುಂಬ ಹಿಡಿಸಿದ್ದು ಅದಕ್ಕೇ. ನನ್ನ ಹೆಂಡತಿಯ ಬಿಳಿ ನೇಲ್ ಪಾಲಿಶ್‌ನಲ್ಲಿ ಪ್ರತಿ ನಾಬ್‌ನ ಸುತ್ತ ಒಂದೊಂದು ಚುಕ್ಕೆ ಇಟ್ಟಿದ್ದೇನೆ. ಕತ್ತಲಲ್ಲೂ ಚುಕ್ಕೆಗೆ ಚುಕ್ಕೆ ಕೂಡಿಸಿ ಒಂದೇ ನಿಮಿಷದಲ್ಲಿ ಸಿದ್ಧ. ಆಮೇಲೆ ಆ ಸ್ಟೇಜಿಗೆ ತಕ್ಕ ಹಾಗೆ ಲೋ ಮಿಡ್ ಒಂದನ್ನೇ ಅತ್ತಿತ್ತ ತಿರುಗಿಸುತ್ತೇನೆ. ದನಿಯನ್ನು ಬೇಕೆಂದೇ ಒಡಕಾಗಿಸುವ ಓವರ್‌ಡ್ರೈವ್ ನಮ್ಮ ಹಾಡುಗಳಿಗೆ ಬೇಕಾಗುವುದು ಅಪರೂಪ, ಕಾಲೇಜು ಫೆಸ್ಟ್‌ನಲ್ಲಿ ಮಾತ್ರ. ಚೂಪು ದನಿಗೆಂದೇ ಇರುವ ಸಣ್ಣ ಸ್ಪೀಕರಿನ ಹಾರ್ನ್ ಸ್ವಿಚ್ ಯಾವಾಗಲೂ ಆಫ್, ಬೆರಳು ತಂತಿಯ ಮೇಲೆ ಜಾರುವ ಸದ್ದು ನನಗೆ ಬೇಡ.

ಐದು ತಂತಿಯ ಬೇಸ್ ನುಡಿಸುವವರು ಸ್ವಲ್ಪ ಯೋಚಿಸಿ. ಅದರ ಅತಿ ದಪ್ಪ ಬಿ ತಂತಿ 31 ಹರ್ಟ್ಸ್ ಹತ್ತಿರ ಬರುತ್ತದೆ. ಅದರ ಪೂರ್ತಿ ಗಾಂಭೀರ್ಯ ಸ್ಟೇಜಿನ ಮೇಲೆಯೇ ಬೇಕು ಅಂದರೆ ಇಷ್ಟು ಹಗುರ ಪೆಟ್ಟಿಗೆಯಿಂದ ನಿರೀಕ್ಷಿಸುವುದು ಸರಿಯಲ್ಲ, ಎರಡನೇ ಕ್ಯಾಬಿನೆಟ್‌ಗೂ ಹಣ ತೆಗೆದಿಡಿ. ಬರೀ ಮನೆ, ಸಣ್ಣ ಹಾಲ್ ಎನ್ನುವವರಿಗೆ ಇದರ ಅರ್ಧ ಪವರ್ ಸಾಕು. ಡ್ರಮ್ಸ್ ಎದುರು ನಿಲ್ಲಬೇಕು ಎನ್ನುವವರು ಮಾತ್ರ 100 ವ್ಯಾಟಿನ ಕಾಂಬೊ ನಂಬಿ ಹೋಗಬೇಡಿ. ನಾನು ಒಂದು ವರ್ಷ ಅದನ್ನೇ ಬಾಡಿಗೆಗೆ ತಂದು ನುಡಿಸಿದ್ದೇನೆ, ದನಿ ಒಡೆಯುವವರೆಗೂ ಏರಿಸಿದರೂ ಸಾಲುತ್ತಿರಲಿಲ್ಲ.

ನೋಡಿಕೊಳ್ಳುವುದು ಸುಲಭ. ನಮ್ಮ ಬೀದಿಯ ಟೈಲರ್ ಹತ್ತಿರ ದಪ್ಪ ಕ್ಯಾನ್ವಾಸಿನ ಹೊದಿಕೆ ಹೊಲಿಸಿದ್ದೇನೆ, ಹಿಡಿಗೆ ಜಾಗ ಬಿಟ್ಟು. ರಾಜ್ಯೋತ್ಸವ ಮುಗಿದ ಮೇಲೆ ಒಂದು ಭಾನುವಾರ ಅದನ್ನು ತೆಗೆದು, ಮೆತ್ತನೆ ಬ್ರಷ್‌ನಲ್ಲಿ ಸ್ಪೀಕರ್ ಮುಂದಿರುವ ಬಟ್ಟೆಯ ಧೂಳು ಕೆಡವುತ್ತೇನೆ. ಊರೂರಿನ ಕೆಂಪು ಮಣ್ಣು, ಕುಂಕುಮ, ಒಮ್ಮೊಮ್ಮೆ ಚೆಂಡುಹೂವಿನ ಒಣ ಎಸಳು ಉದುರುತ್ತವೆ. ಈ ವರ್ಷ ಎಸಳೇ ಜಾಸ್ತಿ ಇತ್ತು.